ಹದಿನೆಂಟರಲ್ಲಿ ಐದು

ಶಹಾಬಾದಿನ ಆಚೆ, ಕಲ್ಲಿನ ಕಣಿವೆಯ ಬಾಯಿಗೆ ಒರಗಿದ ಓಣಿ.
ಹುಸೇನಮ್ಮ ಹೊಸ್ತಿಲಲ್ಲಿ ಕೂತು ತೊಗರಿಬೇಳೆ ಕೇರುತ್ತಿದ್ದಳು.
'ಎಷ್ಟು ಗಳಸ್ತೀರಿ ಅಂತ ನಾ ಕೇಳೂದಿಲ್ಲ' ಎಂದೆ.
ಮೊರ ನಿಂತಿತು.
'ಕೇಳೂದಿಲ್ಲಾ? ಎಲ್ಲಾರೂ ಮೊದಲು ಅದನ್ನೇ ಕೇಳ್ತಾರಲ್ಲವ್ವ.'

ಕಲಬುರಗಿಯ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು:
ಬಡತನ ಕಿಸೆಯಲ್ಲಿ ಮಾತ್ರ ಇರುವುದಿಲ್ಲ,
ಒಲೆಯ ಬಾಯಲ್ಲೂ ನೋಡಬೇಕು, ಕೂಸಿನ ರಟ್ಟೆಯಲ್ಲೂ.
ಇವೇ ಪ್ರಶ್ನೆಗಳನ್ನು, ಇದೇ ಸಾಲಿನಲ್ಲಿ,
ನೇಪಾಳದ ಗುಡ್ಡದಲ್ಲಿ ಒಬ್ಬಳು ಕೇಳುತ್ತಿರುತ್ತಾಳೆ,
ಬಾಂಗ್ಲಾದ ಹೊಳೆದಂಡೆಯಲ್ಲಿ ಇನ್ನೊಬ್ಬಳು.
ಆ ಕಡೆಯಿಂದ ಬಂದಿದ್ದ ರೆಹನುಮಾ ಮೇಡಂ
ಊಟದ ಹೊತ್ತಿಗೆ ಚಪ್ಪಲಿ ಬಿಟ್ಟು
ವರಾಂಡದ ಫರಸಿಯ ಮೇಲೆ ಬರಿಗಾಲಲ್ಲಿ ಅಡ್ಡಾಡಿದರು.
'ನಮ್ಮ ಕಡೆ ಕಲ್ಲೇ ಇಲ್ಲ,
ಇಟ್ಟಿಗೆ ಸುಟ್ಟು, ಅದನ್ನೇ ಒಡೆದು ಜಲ್ಲಿ ಮಾಡ್ತೇವೆ.'
ನಾವು ನಕ್ಕೆವು. ಕಲ್ಲಿಲ್ಲದ ದೇಶ!

ಒಲೆಗೆ ಕಟ್ಟಿಗೆ. ಸಿಲಿಂಡರು ಮೂಲೆಯಲ್ಲಿದೆ,
ಅದರ ತಲೆಯ ಮೇಲೆ ಹಿಟ್ಟಿನ ಡಬ್ಬಿ.
ಹದಿನೆಂಟರಲ್ಲಿ ಒಂದು.
ಪಾಯಖಾನೆ ಕಟ್ಟಿಸಿದ್ದಾರೆ. ಬಾಗಿಲು ತೆಗೆದರೆ
ಛೇಣಿ, ಸುತ್ತಿಗೆ, ಒಂದು ಮೇಕೆಮರಿ.
ಇನ್ನೊಂದು.
ನೀರಿಗೆ ಹೋಗಿ ಬರಲು ಅರ್ಧ ತಾಸು ಮೀರುತ್ತದೆಯೆ?
'ಒಲಿ ಮ್ಯಾಲ ಬ್ಯಾಳಿ ಇಟ್ಟು ಹೋಗ್ತೀನಿ,
ಬರೂದ್ರಾಗ ಅರ್ಧ ಬೆಂದಿರ್ತದ.'
ಅರ್ಧ ಬೆಂದ ಬೇಳೆಗೆ ಎಷ್ಟು ನಿಮಿಷ?
ನನ್ನ ಅವ್ವನ ಒಲೆ ನೆನೆದು 'ಮೀರುವುದಿಲ್ಲ' ಎಂದು ಒತ್ತಿದೆ.

ಮಗಳು ಏಳನೆತ್ತೆ ಮುಗಿಸಿದ್ದಾಳೆ, ಅದೇ ಇಡೀ ಮನೆಯ ಓದು.
ಮಗ ಮೌಲಾಲಿಗೆ ಹನ್ನೆರಡು. ಶಾಲೆ ಬಿಟ್ಟು
ಕಲ್ಲು ಕೊಯ್ಯುವ ಮಿಷಿನ್ನಿಗೆ ನೀರು ಬಿಡುತ್ತಾನೆ.
ಅದಕ್ಕೆ ಮೂರು. ಕೂಡಿದರೆ ಐದು.

ಸತ್ತ ಮಕ್ಕಳು?
'ಒಂದು. ಹೆಣ್ಣು. ಸೀಗಿ ಹುಣ್ಣಿವಿಗೆ ಆರು ವರ್ಷ.'
ಐದು ವರ್ಷದ ಒಳಗಿದ್ದರೆ ಮಾತ್ರ, ಅನ್ನುತ್ತದೆ ಪರದೆ.
ಹೆಸರಿಗೆ ಖಾನೆ ಇಲ್ಲ, ಆದರೂ ಕೇಳಿದೆ.
ಹೇಳಿದಳು. ಇಲ್ಲಿ ಬರೆಯುವುದಿಲ್ಲ.
ಒಳಗೆ ಗಂಡ ಕೆಮ್ಮಿದ, ಜಲ್ಲಿ ಸುರಿದ ಹಾಗೆ, ಬಹಳ ಹೊತ್ತು.
ಕೆಮ್ಮಿಗೂ ಖಾನೆ ಇಲ್ಲ.

ಕೊನೆಗೆ ನೆಲ. ಮಣ್ಣೆ, ಸಗಣಿಯೆ, ಕಲ್ಲೆ?
ನನ್ನ ಕಾಲ ಕೆಳಗೆ ಬೂದು ಫರಸಿ.
ಅಂಚು ಮುರಿದು ಲಾರಿ ಹತ್ತದೆ ಉಳಿದ ತುಂಡುಗಳು,
ಗಂಡ ಹೆಂಡತಿ ಹೊತ್ತು ತಂದು ಹೊಂದಿಸಿದ್ದು;
ಒಂದೂ ಚೌಕವಿಲ್ಲ. ಚಾವಣಿಯೂ ಅದೇ ಕಲ್ಲು.
ಈ ಕಡೆ ಮಣ್ಣಿಗಿಂತ ಕಲ್ಲೇ ಅಗ್ಗ
ಎಂದು ಬರೆಯಲು ಜಾಗ ಹುಡುಕಿದೆ,
ಆಮೇಲೆ 'ಕಲ್ಲು' ಒತ್ತಿದೆ.

ಲೆಕ್ಕ ನನ್ನ ಕೆಲಸವಲ್ಲ, ದೂರದಲ್ಲಿ ಯಾರೋ ಹಾಕುತ್ತಾರೆ.
ಆದರೆ ಅಪ್ಪ ಗಂಜಿನಲ್ಲಿ ತೊಗರಿ ತೂಗುತ್ತಿದ್ದವನು,
ನನ್ನ ಬೆರಳು ತಾವೇ ಕೂಡಿಸುತ್ತವೆ.
ಹದಿನೆಂಟರಲ್ಲಿ ಐದು. ಆರು ಬೇಕಿತ್ತು.

'ಏನಾತವ್ವ?'
'ನೀವು ಬಡವರಲ್ಲ ಅಂತ ಬರ್ತದ. ನೆಲ ಕಲ್ಲಿಂದದ.'
ಅವಳು ನಕ್ಕಳು. ಮಗಳು ನಗಲಿಲ್ಲ.
ಏನು ಹೇಳಬೇಕೋ ತಿಳಿಯದೆ
ಕಲ್ಲಿಲ್ಲದ ದೇಶದ ಕತೆ ಹೇಳಿದೆ.
'ಅಲ್ಲಿ ನನ್ನಂಥಾಕಿ ಯಾತರ ಮ್ಯಾಲ ಮಲಗ್ತಾಳ?'
'ಮಣ್ಣಿನ ಮ್ಯಾಲ. ಹೊಳಿ ಬಂದ್ರ ಅದೂ ಇಲ್ಲ.'

ಹುಸೇನಮ್ಮ ಎದ್ದಳು. ಗೋಡೆಗೆ ಒರಗಿದ್ದ ತುಂಡೊಂದನ್ನು
ಸೆರಗಿನಿಂದ ಒರೆಸಿ ನನ್ನ ತೊಡೆಯ ಮೇಲಿಟ್ಟಳು.
'ಆಕಿಗೆ ಮುಟ್ಟಸು.
ಕೂಸು ಕುಂಡ್ರಸಾಕರೆ ಆಗ್ತದ.'

ಎರಡು ಕಿಲೋದ ಮೇಲೆ ಒಂದು ಪಾವು. ಟಂಟಂನಲ್ಲಿ
ಶಹಾಬಾದಿನ ತನಕ ಅದು ನನ್ನ ಮಡಿಲಲ್ಲಿತ್ತು.
ರೆಹನುಮಾ ಮೇಡಂ ವಾಪಸು ಹೋಗಿ ಆಗಲೇ ತಿಂಗಳು.
ಈಗ ಅದು ನಮ್ಮ ಹರವಿಯ ಮುಚ್ಚಳ.
ಎಷ್ಟು ತೊಳೆದರೂ ಎತ್ತಿದಾಗಲೆಲ್ಲ
ಬೆರಳಿಗೆ ಒಂಚೂರು ಬೂದು ಹತ್ತುತ್ತದೆ.