ಕೊಸರು

ಅಕ್ಕಲಕೋಟ ರಸ್ತೆಯ ನಮ್ಮ ಶೆಡ್ಡಿನಲ್ಲಿ
ಟವೆಲ್ಲು ಎಣಿಸುವವಳು ಅನಸೂಯಾ ಬೋಗಾ.
ಒಂದು ಅನ್ನುವುದಿಲ್ಲ, ಲಾಭ ಅಂತ ಶುರು ಮಾಡುತ್ತಾಳೆ:
ಲಾಭ, ಎರಡು, ಮೂರು...
ಮನೆಮಾತು ತೆಲುಗು, ಬೈಗುಳ ಮರಾಠಿ,
ಎಣಿಕೆ ಮಾತ್ರ ಮಾಲಕರ ಕನ್ನಡ.
ನೂರಾದ ಮೇಲೆ, ಗಂಟು ಬಿಗಿಯುವ ಮುಂಚೆ
ಮತ್ತೊಂದನ್ನು ಮಡಿಕೆ ತಟ್ಟಿ ಮೇಲಿಡುತ್ತಾಳೆ.

ಅದು ಕೊಸರು.
ಮಳಸಿದ್ದಪ್ಪನವರ ತಂದೆ ಮಂಗಳವಾರ ಪೇಟೆಯಲ್ಲಿ
ಜೋಳ ಅಳೆದು, ಚೀಲದ ಬಾಯಿಗೆ ಸುರಿದ ಇನ್ನೊಂದು ಹಿಡಿ.
ಯಾರ ಖಾತೆಗೆ ಬರೆಯಲಿ ಅಂದರೆ
ದೇವರ ಖಾತೆಗೆ ಅನ್ನುತ್ತಾರೆ.
ಅಂಬಾದಾಸ ಯೆಮುಲ್ಲನ ಕೂಲಿ ಮಾತ್ರ
ಶನಿವಾರ ಸಂಜೆ, ಕೈಗೇ.

ಹ್ಯಾಂಬರ್ಗಿನಿಂದ ಮೇಲ್ ಬಂತು.
ಓದುವುದು ನನ್ನ ಕೆಲಸ,
ಓದಿ ತಿಳಿಸಿ ಹೇಳುವುದು ಸಂಬಳದಲ್ಲಿಲ್ಲದ ಕೆಲಸ.
ಆರ್ಡರು ಆರು ಸಾವಿರ.
ಬಂದದ್ದು ಆರು ಸಾವಿರದ ಅರವತ್ತು.
ವ್ಯತ್ಯಾಸಕ್ಕೆ ಕಾರಣ ತಿಳಿಸಿ.
ಮರುಎಣಿಕೆಯ ಖರ್ಚು ನಿಮ್ಮ ಬಿಲ್ಲಿನಲ್ಲಿ ಕಡಿತ.

ಕಡಿಮಿ ಬಿತ್ತೇನು? ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು.
ಇಲ್ರೀ, ಹೆಚ್ಚಾಗ್ಯದ.
ಹೆಚ್ಚಾದ್ರ ದಂಡ ಯಾತಕ್ಕ?

ಕಾರಣಗಳ ಪಟ್ಟಿಯಲ್ಲಿ ಏಳು ಚೌಕ:
ಯಂತ್ರದೋಷ, ಎಣಿಕೆದೋಷ, ಸಿಬ್ಬಂದಿಯ ಅಜಾಗರೂಕತೆ...
ಕೊಸರಿಗೆ ಚೌಕವಿರಲಿಲ್ಲ.
ಇತರೆ ಒತ್ತಿ ಬರೆದೆ: ಇದು ನಮ್ಮ ಕಡೆಯ ವಾಡಿಕೆ.
ಅಳೆಯುವವನ ಕೈ ತಪ್ಪಿದರೂ
ಕೊಂಡವನ ಮನಸ್ಸು ಮುರಿಯಬಾರದು.
ಆಮೇಲೆ ಕೊನೆಯ ಎರಡು ಸಾಲು ಅಳಿಸಿದೆ.
ಇಂಗ್ಲಿಷಿನಲ್ಲಿ ಅವು ತಪ್ಪೊಪ್ಪಿಗೆಯಂತೆ ಕಂಡವು.

ಪಾಡ್ಯದ ವಾರವೇ ಹೊಸ ಕರಾರು, ನಲವತ್ತೊಂದು ಪುಟ.
ಖಾತೆಪುಸ್ತಕಕ್ಕೆ ಹಚ್ಚಿದ ಅರಿಶಿನ ಇನ್ನೂ ಒದ್ದೆ.
ಕಲಮು ಹದಿನೇಳು ಓದಿದೆ:
ಸರಬರಾಜುದಾರನು ಪ್ರತಿ ನೂರಕ್ಕೆ ಒಂದು ನಗವನ್ನು
ಬೆಲೆಯಿಲ್ಲದೆ ಒದಗಿಸತಕ್ಕದ್ದು, ತಪ್ಪಿದಲ್ಲಿ...
ತಪ್ಪಿದಲ್ಲಿ ಏನೆಂದು ನಾನು ಓದಲಿಲ್ಲ,
ಅವರೂ ಕೇಳಲಿಲ್ಲ.
ದಾರ ಹರಿದು ಅಂಬಾದಾಸನ ಮಗ್ಗ ನಿಂತಿತ್ತು.
ಉಳಿದ ಏಳು ಓಡುತ್ತಿದ್ದರೂ
ಆ ಒಂದರ ಮೌನವೇ ಕೇಳಿಸಿತು.

ಸಹಿ ಹಾಕಿದರು.
ಅರಿಶಿನದ ಹೆಬ್ಬೆರಳು ಹಾಳೆಯಂಚಿಗೆ ತಾಗಿತು,
ಸ್ಕ್ಯಾನಿನಲ್ಲಿ ಅದು ಬರೀ ಕಲೆ.
ಪೆನ್ನಿಗೆ ಟೊಪ್ಪಿಗೆ ಹಾಕಿ ಹೊರಗೆ ಹೋಗಿ ಕೂಗಿದರು:
ಅನಸೂಯಾ, ಇವತ್ತಿಂದ ನೂರಾ ಎರಡು ಹಾಕು.
ಎರಡ್ಯಾಕ್ರೀ ಮಾಲಕ?
ಒಂದು ಕಾಗದದ್ದು.
ಇನ್ನೊಂದು ನಂದು.

ಹಡಗು ಈಗ ನೀರ ಮೇಲಿದೆ.
ಐದು ವಾರ ಬಿಟ್ಟು ಮೇಲ್ ಬರುತ್ತದೆ.
ಇತರೆ ಅನ್ನುವ ಚೌಕ
ಇನ್ನೂ ಅಲ್ಲೇ ಇದೆಯೇ ಅಂತ
ಆಗಾಗ ತೆಗೆದು ನೋಡುತ್ತಿರುತ್ತೇನೆ.