ಎತ್ತಣ್ಣನ ಬಾವಿ

ಅವೆನ್ಯೂ ರಸ್ತೆಯ ಭಾನುವಾರದ ರಾಶಿಯಲ್ಲಿ
ಪಿಯುಸಿ ಗೈಡು, ಹಳೇ ಪಂಚಾಂಗಗಳ ಅಡಿ
ಸಿಕ್ಕಿತು ಈ ಕೈಹೊತ್ತಗೆ:
ಸೋರ್ವಾಲ್ ಎಂಬ ಫ್ರೆಂಚ್ ಊರಿನ ಚರಿತ್ರೆ.
ನಲವತ್ತು ಹೇಳಿದ, ಹದಿನೈದಕ್ಕೆ ಕೊಟ್ಟ.

ಸಂಜೆ ಕ್ಲಾಸಿನಲ್ಲಿ ಕಲಿತ ಫ್ರೆಂಚು ನನ್ನದು,
ನಿಘಂಟಿನ ಕೋಲೂರಿ ಕುಂಟುತ್ತದೆ.
ಹಗಲು ಚಾಮರಾಜಪೇಟೆಯ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತೇನೆ;
ರಾತ್ರಿ ಒಂದೊಂದೇ ಪುಟ ಸೋರ್ವಾಲ್.

ಊರೆಂದರೆ ಎಷ್ಟು ಊರು?
ಒಂದು ಹೊಳೆ, ಎರಡು ಕಮಾನಿನ ಸೇತುವೆ,
ಮೂರು ಸಲ ಸುಟ್ಟು ನಾಲ್ಕು ಸಲ ಕಟ್ಟಿದ ಗೋಡೆ.
ಸುಂಕದವನ ಮುಂದೆ ಸುಖದುಃಖ ತೋಡಿಕೊಳ್ಳದೆ
ಅವನನ್ನೇ ಉಪ್ಪಿನ ಪೀಪಾಯಿಗೆ ತುರುಕಿದ ಜನ.

ಕೊನೆಯ ಅಧ್ಯಾಯ: ಊರಿನ ಹೆಸರಾಂತರು.
ಗಂಟೆ ಎರಕ ಹೊಯ್ಯುವವನೊಬ್ಬ, ಕಿವುಡ.
ಸಾವಿರದೆಂಟುನೂರು ಕೂಸು ಹಿಡಿದ ಸೂಲಗಿತ್ತಿ,
ಅವಳ ಹೆಸರು ಎರಡು ಕಡೆ ಎರಡು ಬಗೆ ಅಚ್ಚಾಗಿದೆ,
ಯಾರೂ ತಿದ್ದಿಲ್ಲ.
ಒಬ್ಬ ಮೇಯರು, ಮೀಸೆಗೇ ಅರ್ಧ ಪುಟ.
ಕಟ್ಟಕಡೆಗೆ, ಜಾಗ ಮಿಕ್ಕಿತೆಂದು ಸೇರಿಸಿದಂತೆ, ಎರಡು ಸಾಲು:
ಎತಿಯೆನ್. ಬಾವಿ ತೋಡುವವನ ಮಗ, ಪಾದ್ರಿ.
ಬೆಂಗಳೂರಿಗೆ ಹೋದ. ಪ್ಲೇಗಿನಲ್ಲಿ ಸತ್ತ.

ಮತ್ತೆ ಓದಿದೆ.
ಗಟ್ಟಿಯಾಗಿ, ನಮ್ಮ ಗಲ್ಲಿಯ ಬಾಯಲ್ಲಿ ಓದಿದೆ:
ಎತ್ಯೆನ್, ಎತ್ತೆನ್ನ,
ಎತ್ತಣ್ಣ.

ಶಿವಾಜಿನಗರದ ಈ ಗಲ್ಲಿ ಮುಗಿಯುವಲ್ಲಿ ಒಂದು ಕಲ್ಲು.
ಎತ್ತಣ್ಣನ ಬಾವಿ ಅನ್ನುತ್ತಾರೆ.
ಬಾವಿ ಇಲ್ಲ; ಮುಚ್ಚಿದ್ದಾರೆ, ಮೇಲೆ ಜಲಮಂಡಳಿಯ ವಾಲ್ವು.
ಏಳು ಜೋಡಿ ಎತ್ತು ಕಟ್ಟಿ ಕಪಿಲೆ ಹೊಡೆದ ಗೌಡ ಕಣಮ್ಮ ಅವನು,
ಎಂದ ಟೀ ಅಂಗಡಿಯ ರುಕ್ಮಾಂಗದ.
ಯಾರೋ ಕಲ್ಲಿಗೆ ಎತ್ತಿನ ಮುಖ ಬರೆದಿದ್ದಾರೆ, ಗೇಟಿಗೆ ಬಳಿದು ಉಳಿದ ನೀಲಿಯಲ್ಲಿ.
ಶುಕ್ರವಾರ ಅರಿಶಿನ,
ಭಾನುವಾರ ಮೇಣದಬತ್ತಿ.

ಅವನೇ ಇವನೋ? ಪುರಾವೆಯಿಲ್ಲ.
ಎರಡು ಸಾಲು, ಒಂದು ಕಲ್ಲು, ನನ್ನ ಕಿವಿ, ಅಷ್ಟೆ.

ಮನೆಯೊಡತಿ ಲೂರ್ದಮ್ಮನಿಗೆ ಹೇಳಿದೆ.
ತನ್ನ ಹೆಸರೇ ಒಂದು ಊರೆಂದು ಅವಳಿಗೆ ಗೊತ್ತು;
ಅದು ವೇಳಾಂಗಣ್ಣಿಯ ಆಚೆ ಎಲ್ಲೋ ಅಂದುಕೊಂಡಿದ್ದಾಳೆ.
ಪೂರ್ತಿ ಕೇಳಿ, ಹುರುಳಿಕಾಯಿ ಮುರಿಯುತ್ತಲೇ ಕೇಳಿದಳು:
ಪಾದ್ರಿ ಅಂದಮೇಲೆ ಎತ್ತು ಯಾರದು?

ಬುಧವಾರ ಬೆಳಗಿನ ಜಾವ ನಾಲ್ಕಕ್ಕೆ ಕೊಡಗಳ ಸದ್ದು.
ವಾಲ್ವು ತಿರುಗಿಸುವವನು ಬಂದಿಲ್ಲ.
ಲೂರ್ದಮ್ಮ ಕಲ್ಲನ್ನು ಅಂಗೈಯಲ್ಲಿ ತಟ್ಟುತ್ತಿದ್ದಳು,
ಎತ್ತಣ್ಣಾ, ಏಳಪ್ಪಾ, ಎಷ್ಟೊತ್ತು ಮಲಗ್ತೀಯಾ.
ಕಿಟಕಿಯಲ್ಲಿ ನಾನು, ಕೈಯಲ್ಲಿ ಕೆಂಪು ಪೆನ್ನು,
ಅದರ ಮುಚ್ಚಳ ಹುಡುಕುತ್ತಿದ್ದೆ.