ಗೆರಟೆಯೊಳಗೆ

ಬಂದ್ಯೋಡಿನ ಶಮೀಮ ಕೊಟ್ಟ ಅಪಿಸ್ಟೊ ಜೋಡಿ,
ಕಿರುಬೆರಳಿನ ಎರಡು ಗೆಣ್ಣಿನಷ್ಟುದ್ದ.
ಹೊಲಿಗೆ ಮೆಶಿನ್ನಿನ ಪಕ್ಕ ಒಂದೂವರೆ ಅಡಿಯ ಗಾಜಿನಲ್ಲಿ
ಬಾವಿನೀರು, ಬಾದಾಮಿಯ ಒಣಗಿದೆಲೆ.
ನೀರು ಕಣ್ಣಚಾದ ಬಣ್ಣಕ್ಕೆ ತಿರುಗಿತು.
ಚಟ್ನಿಗೆ ಹೆರೆದು ಮುಗಿದ ಗೆರಟೆಗೆ
ಬಾಗಿಲು ಕೊರೆದು ಕವುಚಿಟ್ಟೆ.

ಮೊದಲ ಸಲ
ದಿನಕ್ಕೆ ಹತ್ತು ಬಾರಿ ಟಾರ್ಚು ಬಿಟ್ಟು ನೋಡಿದೆ.
ಮೂರನೇ ದಿನ ಮೊಟ್ಟೆಯಿಲ್ಲ,
ತಾಯ ಹೊಟ್ಟೆ ದುಂಡಗೆ.
"ಬಾಣಂತಿ ಕೋಣೆಗೆ ಹೀಗೆ ಇಣುಕುತ್ತಾರಾ ಯಾರಾದರೂ?"
ಜಲಜ ಅಂದಳು.
ಎರಡು ಸಲ ಮಂಗಳೂರಿನ ಆಸ್ಪತ್ರೆಯಿಂದ
ಬರಿಗೈಯಲ್ಲಿ ಬಸ್ಸಿಳಿದವಳು.

ಈ ಸಲ ಗಾಜಿಗೆ ಬೈರಾಸು ಹೊದಿಸಿದ್ದು ಅವಳೇ.
ಅರಸಿನದಷ್ಟು ಹಳದಿಯಾದ ಹೆಣ್ಣು
ಗಂಡನ್ನು ಮೂಲೆಗಟ್ಟಿತ್ತು, ರೆಕ್ಕೆ ಹರಿದು.
ಅವನನ್ನು ಹಾರ್ಲಿಕ್ಸ್ ಬಾಟಲಿಗೆ ಹಾಕಿ
ನನ್ನ ಕತ್ತರಿಯ ಬಳಿ ಇಟ್ಟುಕೊಂಡೆ.
ಇಬ್ಬರೂ ಹೊರಗಿನವರು.

ಎಂಟನೇ ರಾತ್ರಿ ಕರೆಂಟು ಹೋಯಿತು.
ಗಾಳಿಯ ಮೋಟರು ನಿಂತ ಮೌನಕ್ಕೆ ನನಗೆ ಎಚ್ಚರ.
ಜಲಜ ಆಗಲೇ ಕೂತಿದ್ದಾಳೆ, ಕತ್ತಲಲ್ಲಿ,
ಲೋಟದಿಂದ ನೀರೆತ್ತಿ ಗೇಣೆತ್ತರದಿಂದ ಹೊಯ್ಯುತ್ತ,
ಮಗುವಿಗೆ ಹಾಲು ಆರಿಸುವ ಹಾಗೆ.
ಬೈರಾಸಿನ ಅಂಚು ಸರಿಸಿಲ್ಲ.

"ಎಷ್ಟುಂಟು?" ಕೇಳಿದೆ.
"ಲೆಕ್ಕ ಮಾಡಬೇಡಿ" ಅಂದಳು.